ಹಗುರ ರಿವಾಲ್ವರೋ, ಉಕ್ಕಿನದೋ: ಕೊಳ್ಳುವ ಮುನ್ನ ಮಾಡಿ ನೋಡಬೇಕಾದ ಪರೀಕ್ಷೆಗಳು

ಅಂಗಡಿಯಲ್ಲಿ ಎರಡು ಸಣ್ಣ ರಿವಾಲ್ವರ್‌ಗಳನ್ನು ಅಕ್ಕಪಕ್ಕ ಇಟ್ಟರೆ ಹಗುರದ್ದೇ ಗೆಲ್ಲುತ್ತದೆ. ಒಂದು 400 ಗ್ರಾಂ, ಇನ್ನೊಂದು 600ರ ಆಸುಪಾಸು. ನೋಡೋಕೆ ಎರಡೂ ಅವಳಿಗಳ ಹಾಗೆ. ಹಗುರದ್ದನ್ನು ಕೈಗೆತ್ತಿಕೊಂಡರೆ ಇದೆಯೋ ಇಲ್ಲವೋ ಅನ್ನಿಸುತ್ತದೆ. "ಇದೇ ಸಾಕು" ಅಂತ ಮನಸ್ಸು ಅಲ್ಲೇ ತೀರ್ಮಾನ ಮಾಡಿಬಿಡುತ್ತದೆ. ಆದರೆ ಆ ಹೊತ್ತಿಗೆ ಅದರೊಳಗೆ ಒಂದು ಗುಂಡೂ ಇರುವುದಿಲ್ಲ, ಯಾರೂ ಅದನ್ನು ಹಾರಿಸಿಯೂ ಇರುವುದಿಲ್ಲ.

ನಾನು ಮೊದಲು ಕೊಂಡದ್ದೂ ಹಗುರದ್ದನ್ನೇ. ಜೇಬಿನಲ್ಲಿ ಇಟ್ಟರೆ ಇದೆ ಅನ್ನುವುದೇ ಮರೆತುಹೋಗುತ್ತಿತ್ತು. ಗುರಿ ಅಭ್ಯಾಸದ ರೇಂಜಿಗೆ ಹೋದ ದಿನ ಬೇರೆಯೇ ಕಥೆ. ಮೂರನೇ ಸಲ ಸಿಲಿಂಡರ್, ಅಂದರೆ ಗುಂಡು ಕೂರುವ ತಿರುಗುವ ಉರುಳೆ, ತುಂಬುವ ಹೊತ್ತಿಗೆ ಹೆಬ್ಬೆರಳಿನ ಬುಡ ಉರಿಯುತ್ತಿತ್ತು. ನಾಲ್ಕನೇ ಸಲ, ಟ್ರಿಗರ್ ಪೂರ್ತಿ ಎಳೆಯುವ ಮೊದಲೇ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಆಮೇಲೆ ಅಭ್ಯಾಸಕ್ಕೆ ಹೋಗುವುದೇ ಕಮ್ಮಿಯಾಯಿತು. ಇದರಲ್ಲಿ ಗನ್ನಿನ ತಪ್ಪೇನೂ ಇರಲಿಲ್ಲ. ಕೊಳ್ಳುವಾಗ ನನಗೆ ನಾನೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕಿತ್ತು: ತಿಂಗಳಿಗೆ ಒಂದು ಪೆಟ್ಟಿಗೆ, ಅಂದರೆ 50 ಗುಂಡು, ಇದರಿಂದ ಹಾರಿಸಲು ನನಗೆ ಮನಸ್ಸು ಬರುತ್ತದಾ?

ಕೆಳಗಿನ ಹೆಜ್ಜೆಗಳೆಲ್ಲ ಆ ಪ್ರಶ್ನೆಗೆ ಉತ್ತರ ಹುಡುಕುವ ದಾರಿಗಳು. ನಿಮ್ಮಲ್ಲಿ ಗನ್ ಹೊಂದಲು, ಒಯ್ಯಲು ಯಾವ ಪರವಾನಗಿ ಬೇಕು, ಯಾವ ಅಳತೆಯ ಕಾಟ್ರಿಜ್‌ಗೆ (ಮದ್ದು, ಗುಂಡು ಸೇರಿದ ತೋಟಾ) ಅನುಮತಿ ಇದೆ ಅನ್ನುವುದನ್ನು ಮೊದಲೇ ತಿಳಿದುಕೊಂಡಿರಿ. ಅದು ಗೊತ್ತಾದ ಮೇಲೆಯೇ ಮುಂದಿನ ಮಾತು.

ಹಗುರ ಅಂದರೆ ಯಾವ ಭಾಗ ಹಗುರ?

ಇಲ್ಲಿ ತುಂಬ ಜನಕ್ಕೆ ಗೊಂದಲ ಇದೆ. ಹಗುರ ರಿವಾಲ್ವರ್ ಅಂದರೆ ಇಡೀ ಗನ್ ಹಗುರ ಲೋಹದ್ದು ಅಂತಲ್ಲ. ಸಾಮಾನ್ಯವಾಗಿ ಫ್ರೇಮ್, ಅಂದರೆ ಉಳಿದ ಭಾಗಗಳು ಕೂರುವ ಗನ್ನಿನ ಮೈ, ಮಾತ್ರ ಅಲ್ಯೂಮಿನಿಯಂ ಮಿಶ್ರಲೋಹದ್ದು. ಗುಂಡು ಹಾದುಹೋಗುವ ನಳಿಗೆ ಮತ್ತು ಒತ್ತಡ ತಾಳುವ ಸಿಲಿಂಡರ್ ಉಕ್ಕಿನವೇ. ಅತಿ ಹಗುರ ಮಾದರಿಗಳಲ್ಲಿ ಸಿಲಿಂಡರ್ ಟೈಟಾನಿಯಂದು. ಒಂದು ಘನ ಸೆಂಟಿಮೀಟರ್ ಅಲ್ಯೂಮಿನಿಯಂ 2.7 ಗ್ರಾಂ ತೂಗಿದರೆ, ಟೈಟಾನಿಯಂ 4.5 ಗ್ರಾಂ, ಉಕ್ಕು 7.8 ಗ್ರಾಂ. ಫ್ರೇಮ್ ಒಂದನ್ನು ಬದಲಾಯಿಸಿದರೂ ತೂಕ ಯಾಕೆ ಅಷ್ಟು ಇಳಿಯುತ್ತದೆ ಅಂತ ಇದರಿಂದಲೇ ತಿಳಿಯುತ್ತದೆ. "ಸ್ಕ್ಯಾಂಡಿಯಂ ಫ್ರೇಮ್" ಅಂತ ಕೇಳಿರಬಹುದು. ಅದೂ ಅಲ್ಯೂಮಿನಿಯಮ್ಮೇ. ಅದಕ್ಕೆ ಚೂರೇ ಚೂರು ಸ್ಕ್ಯಾಂಡಿಯಂ ಬೆರೆಸಿ ಗಟ್ಟಿ ಮಾಡಿರುತ್ತಾರೆ.

ಸಿಲಿಂಡರನ್ನೂ ಅಲ್ಯೂಮಿನಿಯಂನಲ್ಲಿ ಮಾಡಿ ನೋಡಿದ್ದಾರೆ. 1950ರ ದಶಕದಲ್ಲಿ ಅಮೆರಿಕದ ವಾಯುಪಡೆ ತನ್ನ ವಿಮಾನ ಸಿಬ್ಬಂದಿಗಾಗಿ "ಏರ್‌ಕ್ರೂಮನ್" ಅನ್ನುವ ರಿವಾಲ್ವರ್‌ಗಳನ್ನು ಮಾಡಿಸಿತು. ಫ್ರೇಮ್, ಸಿಲಿಂಡರ್ ಎರಡೂ ಅಲ್ಯೂಮಿನಿಯಂ. ಸಿಲಿಂಡರ್‌ಗಳು ಮಾಮೂಲಿ ಕಾಟ್ರಿಜ್‌ನ ಒತ್ತಡ ತಾಳಲಿಲ್ಲ. ಕಡಿಮೆ ಒತ್ತಡದ ಬೇರೆ ಕಾಟ್ರಿಜ್ ಮಾಡಿಸಬೇಕಾಯಿತು. ಕೊನೆಗೆ ಆ ಗನ್‌ಗಳನ್ನು ವಾಪಸ್ ತೆಗೆದುಕೊಂಡು ಬಹುಪಾಲನ್ನು ನಾಶ ಮಾಡಿದರು. ಸಿಲಿಂಡರ್ ವಿಷಯದಲ್ಲಿ ತಯಾರಕರು ಇವತ್ತಿಗೂ ಅಷ್ಟು ಹುಷಾರಾಗಿರುವುದಕ್ಕೆ ಇಂಥ ಪಾಠಗಳೇ ಕಾರಣ.

ತೂಕದ ಅಂದಾಜು ಸಿಗಲಿ ಅಂತ ಕೆಲವು ಹೆಸರು ಹೇಳುತ್ತೇನೆ. ಎಲ್ಲವೂ ಖಾಲಿ ಇದ್ದಾಗಿನ ತೂಕ. ಅಮೆರಿಕದ ಗನ್ ಕಂಪನಿ ಸ್ಮಿತ್ ಆ್ಯಂಡ್ ವೆಸನ್ 1950ರಲ್ಲಿ ತಂದ ಚೀಫ್ಸ್ ಸ್ಪೆಷಲ್, ಅಂದರೆ ಆಮೇಲೆ ಮಾಡೆಲ್ 36 ಅನ್ನಿಸಿಕೊಂಡದ್ದು, ಪೂರ್ತಿ ಉಕ್ಕು. ಐದು ಗುಂಡಿನ ಆ ಗನ್ ಸುಮಾರು 550 ಗ್ರಾಂ. ಅದೇ ಅಳತೆಯ, ಅಲ್ಯೂಮಿನಿಯಂ ಫ್ರೇಮಿನ ಮಾಡೆಲ್ 642 ಸುಮಾರು 410 ಗ್ರಾಂ. ಉಕ್ಕಿನ ಮಾಡೆಲ್ 640 ಸುಮಾರು 625 ಗ್ರಾಂ. ರುಗರ್ ಕಂಪನಿಯ ಎಸ್‌ಪಿ101 ಇನ್ನೂ ದಪ್ಪ, 730 ಗ್ರಾಂ ದಾಟುತ್ತದೆ. ಆ ಕಡೆ ತುದಿಯಲ್ಲಿ ಮಾಡೆಲ್ 340ಪಿಡಿ ಇದೆ. ಸ್ಕ್ಯಾಂಡಿಯಂ ಫ್ರೇಮ್, ಟೈಟಾನಿಯಂ ಸಿಲಿಂಡರ್, 335 ಗ್ರಾಂ ಆಸುಪಾಸು. ಅಷ್ಟು ಸಣ್ಣ ತೂಕದಲ್ಲಿ .357 ಮ್ಯಾಗ್ನಮ್ ಅನ್ನುವ ಜೋರು ಕಾಟ್ರಿಜ್!

2009ರಲ್ಲಿ ಬಂದ ರುಗರ್ ಎಲ್‌ಸಿಆರ್ ನೋಡಿ. ಅದರ .38 ಸ್ಪೆಷಲ್ (.357ಗಿಂತ ಮೆತ್ತಗಿನ ಕಾಟ್ರಿಜ್) ಮಾದರಿಯ ಫ್ರೇಮ್ ಅಲ್ಯೂಮಿನಿಯಂ, ತೂಕ 385 ಗ್ರಾಂ ಹತ್ತಿರ. .357 ಮಾದರಿಗೆ ಬಂದಾಗ ಅದೇ ಕಂಪನಿ ಫ್ರೇಮನ್ನು ಉಕ್ಕಿಗೆ ಬದಲಾಯಿಸಿತು, ತೂಕ 485 ಗ್ರಾಂ ಆಯಿತು. ಕಾಟ್ರಿಜ್ ಜೋರಾದಾಗ ತಯಾರಕರೇ ತೂಕ ಸೇರಿಸಿದ್ದಾರೆ ಅನ್ನುವುದನ್ನು ಗಮನದಲ್ಲಿಡಿ.

ಒದೆತದ ಲೆಕ್ಕ

ಗುಂಡು ಮತ್ತು ಅದರ ಹಿಂದಿನ ಗ್ಯಾಸು ಮುಂದಕ್ಕೆ ಎಷ್ಟು ಜೋರಾಗಿ ನುಗ್ಗುತ್ತವೋ ಗನ್ ಅಷ್ಟೇ ಜೋರಾಗಿ ಹಿಂದಕ್ಕೆ ಬರುತ್ತದೆ. ಗನ್ ಹಗುರವಾದಷ್ಟೂ ಹಿಂದಕ್ಕೆ ಬರುವ ವೇಗ ಜಾಸ್ತಿ. ಕಾಟ್ರಿಜ್ ಅದೇ ಇದ್ದು ಗನ್ನಿನ ತೂಕ ಅರ್ಧವಾದರೆ ಒದೆತದ ಶಕ್ತಿ ಎರಡು ಪಟ್ಟಾಗುತ್ತದೆ.

ಮಾಮೂಲಿ .38 ಸ್ಪೆಷಲ್, 158 ಗ್ರೇನ್ ಗುಂಡು ತೆಗೆದುಕೊಳ್ಳಿ. ಗ್ರೇನ್ ಅಂದರೆ ಗುಂಡು ತೂಗುವ ಹಳೇ ಅಳತೆ, 158 ಗ್ರೇನ್ ಅಂದರೆ ಸುಮಾರು 10 ಗ್ರಾಂ. ಗುಂಡು ತುಂಬಿದ ಮೇಲೆ 700 ಗ್ರಾಂ ತೂಗುವ ಉಕ್ಕಿನ ಗನ್ನಿನಲ್ಲಿ ಒದೆತ ನನ್ನ ಲೆಕ್ಕಕ್ಕೆ ಸುಮಾರು 5 ಜೌಲ್ ಬರುತ್ತದೆ. ತುಂಬಿದ ಮೇಲೆ 500 ಗ್ರಾಂ ತೂಗುವ ಹಗುರ ಗನ್ನಿನಲ್ಲಿ ಸುಮಾರು 7 ಜೌಲ್. ಇಷ್ಟು ವ್ಯತ್ಯಾಸವನ್ನು ಅಭ್ಯಾಸದಿಂದ ನಿಭಾಯಿಸಬಹುದು. ಆದರೆ 335 ಗ್ರಾಂ ಗನ್ನಿಗೆ .357 ಮ್ಯಾಗ್ನಮ್‌ನ 125 ಗ್ರೇನ್ ಗುಂಡು ತುಂಬಿದರೆ ಅದು 20 ಜೌಲ್ ದಾಟುತ್ತದೆ. ಅಂಗೈಗೆ ಯಾರೋ ಮರದ ಹಲಗೆಯಿಂದ ಬಾರಿಸಿದ ಹಾಗೆ. ಒಂದೆರಡು ಸಲ ತಡೆದುಕೊಳ್ಳಬಹುದು. ತಿಂಗಳು ತಿಂಗಳೂ ಅಭ್ಯಾಸ ಮಾಡುವುದು ಬೇರೆ ಮಾತು.

ಒದೆತವನ್ನಷ್ಟೇ ನೋಡಿದರೂ ಸಾಲದು. ಇನ್ನೊಂದು ವಿಷಯ ಟ್ರಿಗರಿನದು, ಇದನ್ನು ಹೇಳುವವರು ಕಮ್ಮಿ. ಇಂಥ ಸಣ್ಣ ರಿವಾಲ್ವರ್‌ಗಳಲ್ಲಿ ಹ್ಯಾಮರ್, ಅಂದರೆ ಕಾಟ್ರಿಜ್ ಸಿಡಿಸಲು ಬಡಿಯುವ ಭಾಗವನ್ನು, ಹಿಂದಕ್ಕೆ ಎಳೆಯದೆ ನೇರ ಟ್ರಿಗರ್ ಒತ್ತಿದರೆ, ಅಂದರೆ ಡಬಲ್ ಆ್ಯಕ್ಷನ್‌ನಲ್ಲಿ, ಬೆರಳು ಸುಮಾರು 5 ಕಿಲೋ ಭಾರ ಎಳೆಯಬೇಕು. ಗನ್ನಿನ ತೂಕ ಅರ್ಧ ಕಿಲೋ ಕೂಡ ಇಲ್ಲ. ತನ್ನ ತೂಕದ ಹತ್ತು ಪಟ್ಟು ಎಳೆತ ಬಿದ್ದಾಗ ಗನ್ ಕೈಯಲ್ಲಿ ಅಲುಗಾಡದೆ ಇರುತ್ತದಾ? ನಿಶಾನೆ ಎಡಕ್ಕೋ ಕೆಳಕ್ಕೋ ಓಡುತ್ತದೆ. ಉಕ್ಕಿನ ಗನ್ನಿನ ತೂಕ ಆ ಅಲುಗಾಟವನ್ನು ಸ್ವಲ್ಪ ಹಿಡಿದು ನಿಲ್ಲಿಸುತ್ತದೆ. ಹೊಸಬರು ಉಕ್ಕಿನ ಗನ್ನಿನಲ್ಲಿ ಬೇಗ ಗುರಿ ಹಿಡಿಯುವುದಕ್ಕೆ ಒದೆತ ಕಮ್ಮಿ ಅನ್ನುವುದು ಒಂದು ಕಾರಣ, ಇದು ಇನ್ನೊಂದು.

ಮೊದಲ ಹೆಜ್ಜೆ: ಮರಳಿನ ಚೀಲ

ಗನ್ ಕೊಳ್ಳುವ ಮೊದಲೇ ತೂಕವನ್ನು ಹೊತ್ತು ನೋಡಿ. ಒಂದು ಸಣ್ಣ ಬಟ್ಟೆ ಚೀಲಕ್ಕೆ ಮರಳು ತುಂಬಿ, ಅಡುಗೆಮನೆಯ ತಕ್ಕಡಿಯಲ್ಲಿ 500 ಗ್ರಾಂ ತೂಗಿ. ಗುಂಡು ತುಂಬಿದ ಹಗುರ ರಿವಾಲ್ವರ್ ಸುಮಾರು ಅಷ್ಟೇ, ಯಾಕೆಂದರೆ ಐದು ಕಾಟ್ರಿಜ್ ಸೇರಿ ಸುಮಾರು 75 ಗ್ರಾಂ ಆಗುತ್ತದೆ. ಗನ್ ಎಲ್ಲಿ ಇಟ್ಟುಕೊಳ್ಳಬೇಕು ಅಂದುಕೊಂಡಿದ್ದೀರೋ ಅಲ್ಲೇ ಆ ಚೀಲವನ್ನು ಒಂದು ವಾರ ಇಟ್ಟುಕೊಂಡು ಓಡಾಡಿ. ಕೂರಿ, ಮೆಟ್ಟಿಲು ಹತ್ತಿ, ವಾಹನ ಓಡಿಸಿ. ಮುಂದಿನ ವಾರ ಅದನ್ನು 700 ಗ್ರಾಂ ಮಾಡಿ.

ಪ್ಯಾಂಟಿನ ಜೇಬಿನಲ್ಲಿ ಇಡುವವರಿಗೆ ವ್ಯತ್ಯಾಸ ಮೊದಲ ದಿನವೇ ಗೊತ್ತಾಗುತ್ತದೆ. 700 ಗ್ರಾಂ ಇಟ್ಟರೆ ಜೇಬು ಜೋತುಬೀಳುತ್ತದೆ, ನಡೆಯುವಾಗ ತೊಡೆಗೆ ಬಡಿಯುತ್ತದೆ. ಸೊಂಟದ ಬೆಲ್ಟಿನಲ್ಲಿ ಇಡುವವರಿಗೆ ಬೆಲ್ಟ್ ಗಟ್ಟಿಯಾಗಿದ್ದರೆ ಆ 200 ಗ್ರಾಂ ಅಷ್ಟಾಗಿ ತಿಳಿಯುವುದೇ ಇಲ್ಲ. ಮನೆಯಲ್ಲೇ ಬೀಗದ ಪೆಟ್ಟಿಗೆಯಲ್ಲಿ ಇರುವ ಗನ್ನಾದರೆ ಈ ಪರೀಕ್ಷೆಯೇ ಬೇಡ. ಮನೆಯಿಂದ ಹೊರಗೆ ಹೋಗದ ಗನ್ನಿಗೆ ಹಗುರ ಫ್ರೇಮ್ ಆರಿಸುವುದಕ್ಕೆ ಒಂದು ಕಾರಣವೂ ನನಗೆ ಕಾಣುವುದಿಲ್ಲ. ಅಲ್ಲಿ ಉಕ್ಕೇ ಸರಿ, ಸಾಧ್ಯವಾದರೆ 3 ಅಥವಾ 4 ಇಂಚಿನ ನಳಿಗೆಯದು.

ಜೇಬಿನಲ್ಲಿ ಇಡುವವರಿಗೆ ಒಂದು ಮಾತು. ಟ್ರಿಗರನ್ನು ಪೂರ್ತಿ ಮುಚ್ಚುವ ಜೇಬಿನ ಹೋಲ್‌ಸ್ಟರ್ (ಗನ್ ಇಡುವ ಚೀಲ) ಇಲ್ಲದೆ ಸುಮ್ನೆ ಹಾಗೇ ಹಾಕಿಕೊಳ್ಳಬೇಡಿ. ಆ ಜೇಬಿನಲ್ಲಿ ಬೀಗದಕೈ, ಚಿಲ್ಲರೆ, ಪೆನ್ನು ಯಾವುದೂ ಇರಬಾರದು. ಹಗುರ ಗನ್ನಿನ ಟ್ರಿಗರೂ ಟ್ರಿಗರೇ.

ಎರಡನೇ ಹೆಜ್ಜೆ: ಹಾರಿಸಿ ನೋಡಿ, ಐದಲ್ಲ, ಐವತ್ತು

ಇದೇ ಮುಖ್ಯ ಹೆಜ್ಜೆ. ರೇಂಜಿನಲ್ಲಿ ಬಾಡಿಗೆಗೆ ಸಿಗುವುದಾದರೆ, ಅಥವಾ ಪರವಾನಗಿ ಇರುವ ಗೆಳೆಯರು ತರಬೇತುದಾರರ ಮುಂದೆ ಕೊಡುವುದಾದರೆ, ಎರಡು ಬಗೆಯನ್ನೂ ಒಂದೇ ದಿನ ಹಾರಿಸಿ. ಕಾಟ್ರಿಜ್ ಎರಡಕ್ಕೂ ಒಂದೇ ಇರಲಿ. ಬೇರೆ ಬೇರೆ ಕಾಟ್ರಿಜ್ ಹಾಕಿದರೆ ನೀವು ಗನ್ನನ್ನು ಹೋಲಿಸುತ್ತಿಲ್ಲ, ಕಾಟ್ರಿಜ್ಜನ್ನು ಹೋಲಿಸುತ್ತಿದ್ದೀರಿ.

ಕಿವಿಗೆ, ಕಣ್ಣಿಗೆ ರಕ್ಷಣೆ ಇರಲೇಬೇಕು. ಸಣ್ಣ ನಳಿಗೆಯ ಸದ್ದು ಉದ್ದ ನಳಿಗೆಗಿಂತ ಜಾಸ್ತಿ ಬಡಿಯುತ್ತದೆ. ಇನ್ನೊಂದು, ಬೆಂಬಲದ ಕೈಯ ಹೆಬ್ಬೆರಳನ್ನು ಮುಂದಕ್ಕೆ ಚಾಚಬೇಡಿ. ಸಿಲಿಂಡರ್ ಮತ್ತು ನಳಿಗೆಯ ನಡುವಿನ ಸಂದಿನಿಂದ ಬಿಸಿ ಗ್ಯಾಸು ಪಕ್ಕಕ್ಕೆ ಚಿಮ್ಮುತ್ತದೆ, ಬೆರಳು ಕೊಯ್ಯುವಷ್ಟು ಜೋರಾಗಿ. ಪಿಸ್ತೂಲ್ ಹಿಡಿದು ಅಭ್ಯಾಸ ಇರುವವರು ಮಾಡುವ ತಪ್ಪು ಇದು.

ಗುರಿ ಹಾಳೆಯನ್ನು 7 ಮೀಟರ್ ದೂರದಲ್ಲಿ ಇಡಿ. ಮೊದಲು ಉಕ್ಕಿನ ಗನ್ನಿನಲ್ಲಿ ನಿಧಾನವಾಗಿ ಐದು. ಆಮೇಲೆ ಹೊಸ ಹಾಳೆ ಹಾಕಿ ಹಗುರದ್ದರಲ್ಲಿ ಐದು. ಎಲ್ಲವೂ ಡಬಲ್ ಆ್ಯಕ್ಷನ್‌ನಲ್ಲೇ. ಹ್ಯಾಮರ್ ಎಳೆದು ಹಾರಿಸಿದರೆ ಎರಡರಲ್ಲೂ ಗುರಿ ಚೆನ್ನಾಗಿ ಬೀಳುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಈ ಮೊದಲ ಹಾಳೆಗಳಲ್ಲಿ ವ್ಯತ್ಯಾಸ ಅಷ್ಟೇನೂ ಕಾಣದೆ ಇರಬಹುದು. ಅಲ್ಲಿಗೇ ನಿಲ್ಲಿಸಬೇಡಿ. ಹೀಗೇ ಸರದಿಯಲ್ಲಿ ಒಂದೊಂದರಲ್ಲೂ 50 ಮುಗಿಸಿ. ಒಂದೊಂದು ಹಾಳೆಯ ಮೇಲೂ ಯಾವ ಗನ್, ಎಷ್ಟನೇ ಐದು ಅಂತ ಬರೆಯಿರಿ. ಮನೆಗೆ ಬಂದು ಮೊದಲ ಹಾಳೆ ಮತ್ತು ಕೊನೆಯ ಹಾಳೆ ಜೋಡಿಸಿ ನೋಡಿ. ಕೊನೆಯ ಹಾಳೆ ಸುಳ್ಳು ಹೇಳುವುದಿಲ್ಲ. ಉಕ್ಕಿನ ಗನ್ನಿನಲ್ಲಿ ಹತ್ತನೇ ಸುತ್ತೂ ಮೊದಲಿನ ಹಾಗೇ ಇದ್ದು, ಹಗುರದ್ದರಲ್ಲಿ ರಂಧ್ರಗಳು ಕೆಳಕ್ಕೆ ಇಳಿಯುತ್ತಾ ಹರಡುತ್ತಾ ಹೋಗಿದ್ದರೆ, ಒದೆತಕ್ಕೆ ಮೊದಲೇ ಹೆದರಿ ಕೈ ಕೆಳಗೆ ಒತ್ತುತ್ತಿದೆ ಅಂತ ಅರ್ಥ.

ಅನುಮಾನ ಇದ್ದರೆ ಇನ್ನೊಂದು ಪರೀಕ್ಷೆ ಇದೆ. ನಿಮ್ಮ ಜೊತೆಗಿರುವವರು ಸಿಲಿಂಡರ್ ತುಂಬಿಕೊಡಲಿ. ಮೂರು ನಿಜವಾದ ಕಾಟ್ರಿಜ್, ಎರಡು ಡಮ್ಮಿ (ಸಿಡಿಯದ ಸುಳ್ಳು ಕಾಟ್ರಿಜ್), ಯಾವುದು ಎಲ್ಲಿ ಅಂತ ನಿಮಗೆ ಗೊತ್ತಿರಬಾರದು. ಡಮ್ಮಿಯ ಮೇಲೆ ಹ್ಯಾಮರ್ ಬಿದ್ದಾಗ ಗನ್ನಿನ ಮೂತಿ ಎಷ್ಟು ಕುಕ್ಕಿತು ನೋಡಿ. ಗುಂಡು ಹಾರದೆಯೇ ಮೂತಿ ಕೆಳಕ್ಕೆ ಹೋದರೆ ಅದು ಪೂರ್ತಿ ನಿಮ್ಮ ಕೈಯ ಕೆಲಸ. ಎರಡೂ ಗನ್ನಿನಲ್ಲಿ ಮಾಡಿ ಹೋಲಿಸಿ. ಡಮ್ಮಿ ಅಂದುಕೊಂಡಿದ್ದು ಕೆಲವೊಮ್ಮೆ ತಡವಾಗಿ ಸಿಡಿಯುವ ಕಾಟ್ರಿಜ್ ಆಗಿರಬಹುದು. ಆದ್ದರಿಂದ ಸದ್ದು ಬರದಿದ್ದರೂ ಮೂತಿ ಗುರಿಯ ಕಡೆಗೇ ಇರಲಿ, ಅರ್ಧ ನಿಮಿಷ ಕಾದು ಸಿಲಿಂಡರ್ ತೆರೆಯಿರಿ.

ಕೈಯಲ್ಲಿ ಸಂಧಿವಾತ ಇರುವವರು, ಮಣಿಕಟ್ಟಿಗೆ ಹಿಂದೆ ಪೆಟ್ಟಾಗಿರುವವರು, ಸಣ್ಣ ಕೈಯವರು ಈ ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ. "ಹೆಂಗಸರಿಗೆ ಹಗುರದ್ದೇ ಒಳ್ಳೇದು", "ವಯಸ್ಸಾದವರಿಗೆ ಹಗುರದ್ದು ಕೊಡಿ" ಅನ್ನುವ ಮಾತು ಕೇಳಿದಾಗೆಲ್ಲ ನನಗೆ ಬೇಸರವಾಗುತ್ತದೆ. ನೋವಿರುವ ಕೈಗೆ ಹೆಚ್ಚು ಒದೆಯುವ ಗನ್ ಕೊಡುವುದು ಯಾವ ನ್ಯಾಯ? ಅವರಿಗೆ ಬೇಕಾಗಿರುವುದು ಭಾರದ ಗನ್, ಮೆತ್ತಗಿನ ಕಾಟ್ರಿಜ್.

ಮೂರನೇ ಹೆಜ್ಜೆ: ಕಾಟ್ರಿಜ್ ಯಾವುದು ಅಂತ ಮೊದಲು ನಿರ್ಧರಿಸಿ

.357 ಮ್ಯಾಗ್ನಮ್ ಗನ್ನಿನಲ್ಲಿ .38 ಸ್ಪೆಷಲ್ ಹಾರಿಸಬಹುದು, ತಿರುಗಿಸಿ ಮಾಡುವಂತಿಲ್ಲ. ಅದಕ್ಕೇ "ಇರಲಿ, .357 ತಗೋಳೋಣ" ಅನ್ನುತ್ತಾರೆ. ಉಕ್ಕಿನ ಗನ್ನಿನಲ್ಲಿ ಇದು ಒಳ್ಳೆಯ ಯೋಚನೆ. 340ಪಿಡಿಯಂಥ ಅತಿ ಹಗುರದ್ದರಲ್ಲಿ ಕೊನೆಗೆ ಹೆಚ್ಚಿನವರು .38 ತುಂಬುತ್ತಾರೆ. ಹಾಗಿದ್ದ ಮೇಲೆ .38ರ ಅಲ್ಯೂಮಿನಿಯಂ ಗನ್ ಯಾಕಾಗಬಾರದು? ಅದು ಒಂದಿಷ್ಟು ಭಾರ, ಅಷ್ಟು ಭಾರ ಇದ್ದರೇ ಒಳ್ಳೆಯದು.

"+ಪಿ" ಅಂತ ಪೆಟ್ಟಿಗೆಯ ಮೇಲೆ ಬರೆದಿದ್ದರೆ ಅದು ಮಾಮೂಲಿಗಿಂತ ಹೆಚ್ಚು ಒತ್ತಡದ ಕಾಟ್ರಿಜ್. ಗನ್ನಿನ ನಳಿಗೆಯ ಮೇಲೆಯೋ ಕೈಪಿಡಿಯಲ್ಲೋ +ಪಿಗೆ ಅನುಮತಿ ಇದ್ದರೆ ಮಾತ್ರ ಹಾಕಿ. ಹಳೆಯ ಅಲ್ಯೂಮಿನಿಯಂ ಗನ್‌ಗಳಿಗೆ, ಉದಾಹರಣೆಗೆ 1950ರಿಂದ ಬಂದ ಕೋಲ್ಟ್ ಕೋಬ್ರಾದ ಹಳೆಯ ತಲೆಮಾರಿಗೆ, +ಪಿ ತುಂಬಬೇಡಿ.

ಹಗುರ ಗನ್ನಿನಲ್ಲಿ ಹೆಚ್ಚಾಗಿ ಕಾಣುವ ಒಂದು ತೊಂದರೆ ಇಲ್ಲಿದೆ. ಕಾಟ್ರಿಜ್ ಅಂದರೆ ಹಿತ್ತಾಳೆ ಕೊಳವೆ, ಅದರ ಬಾಯಿಗೆ ಗುಂಡು ಕಚ್ಚಿಸಿರುತ್ತಾರೆ. ಮೊದಲ ಗುಂಡು ಹಾರಿದಾಗ ಗನ್ ಝಟ್ಟನೆ ಹಿಂದಕ್ಕೆ ಬರುತ್ತದೆ. ಸಿಲಿಂಡರಿನಲ್ಲಿ ಉಳಿದ ಕಾಟ್ರಿಜ್‌ಗಳ ಹಿತ್ತಾಳೆಯೂ ಅದರ ಜೊತೆ ಬರುತ್ತದೆ. ಆದರೆ ಭಾರವಾದ ಗುಂಡು ಇದ್ದಲ್ಲೇ ಇರಲು ನೋಡುತ್ತದೆ. ಕಚ್ಚು ಬಿಗಿಯಾಗಿಲ್ಲದಿದ್ದರೆ ಒಂದೊಂದು ಹೊಡೆತಕ್ಕೂ ಗುಂಡು ಚೂರು ಚೂರು ಮುಂದಕ್ಕೆ ಜಾರುತ್ತದೆ. ಕೊನೆಗೆ ಅದರ ಮೂಗು ಸಿಲಿಂಡರಿನಿಂದ ಹೊರಗೆ ಬಂದು ಫ್ರೇಮಿಗೆ ತಾಗಿ ಸಿಲಿಂಡರ್ ತಿರುಗುವುದೇ ನಿಂತುಹೋಗುತ್ತದೆ. ಬೇಕಾದ ಹೊತ್ತಲ್ಲಿ ಹೀಗಾದರೆ ಕಷ್ಟ, ಅಲ್ವಾ? ಇದಲ್ಲದೆ, ಟೈಟಾನಿಯಂ ಸಿಲಿಂಡರ್ ಬೇಗ ಸವೆಯಬಾರದು ಅಂತ ಸ್ಕ್ಯಾಂಡಿಯಂ-ಟೈಟಾನಿಯಂ ಮ್ಯಾಗ್ನಮ್ ಗನ್‌ಗಳ ನಳಿಗೆಯ ಮೇಲೆಯೇ 120 ಗ್ರೇನ್‌ಗಿಂತ ಕಡಿಮೆ ತೂಕದ ಗುಂಡು ಬಳಸಬೇಡಿ ಅಂತ ತಯಾರಕರು ಕೆತ್ತಿರುತ್ತಾರೆ. ಆ ಸೂಚನೆ ಸುಮ್ನೆ ಕೆತ್ತಿದ್ದಲ್ಲ.

ಗುಂಡು ಜಾರುತ್ತದಾ ಅನ್ನುವುದನ್ನು ನೀವೇ ಪರೀಕ್ಷಿಸಬಹುದು. ಒಂದು ಕಾಟ್ರಿಜ್‌ನ ಉದ್ದವನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದು, ತಳದಲ್ಲಿ ಪೆನ್ನಿನಿಂದ ಗುರುತು ಹಾಕಿ. ಐದೂ ತುಂಬಿ. ಗುರುತಿನದ್ದು ಕೊನೆಗೆ ಬರುವ ಹಾಗೆ ಇಟ್ಟು ನಾಲ್ಕು ಹಾರಿಸಿ. ಈಗ ಐದನೆಯದನ್ನು ತೆಗೆದು ಮತ್ತೆ ಅಳೆಯಿರಿ. ಉದ್ದ ಕಣ್ಣಿಗೆ ಕಾಣುವಷ್ಟು ಬೆಳೆದಿದ್ದರೆ ಆ ಬಗೆಯ ಕಾಟ್ರಿಜ್ ನಿಮ್ಮ ಹಗುರ ಗನ್ನಿಗೆ ಆಗದು. ಬೇರೆ ಬಗೆ ತಂದು ಮತ್ತೆ ನೋಡಿ. ಉಕ್ಕಿನ ಗನ್ನಿನಲ್ಲಿ .38 ಹಾರಿಸುವವರಿಗೆ ಈ ತಲೆಬಿಸಿ ಬಹುತೇಕ ಇರುವುದೇ ಇಲ್ಲ.

ನನ್ನ ಸಲಹೆ ಕೇಳಿದರೆ, ಹಗುರ ಗನ್ನಿಗೆ ಮಾಮೂಲಿ ಒತ್ತಡದ .38, ಅದರಲ್ಲೂ 148 ಗ್ರೇನ್ ವಾಡ್‌ಕಟರ್ ಒಳ್ಳೆಯದು. ಚಪ್ಪಟೆ ಮೂತಿಯ, ಗುರಿ ಅಭ್ಯಾಸಕ್ಕೆ ಅಂತಲೇ ಮಾಡಿದ ಗುಂಡು ಅದು. ಒದೆತ ಮೆತ್ತಗೆ, ಗುರಿ ಚೊಕ್ಕ. ತೊಂದರೆ ಒಂದೇ. ಚಪ್ಪಟೆ ಮೂತಿಯಿಂದಾಗಿ ಅವಸರದಲ್ಲಿ ಮತ್ತೆ ತುಂಬುವಾಗ ರಂಧ್ರಕ್ಕೆ ಸರಾಗವಾಗಿ ಇಳಿಯುವುದಿಲ್ಲ.

ಹಿಡಿ ಬದಲಾಯಿಸಿ, ಆಮೇಲೆ ತೀರ್ಪು ಕೊಡಿ

ಹಗುರ ಗನ್ ಕೈಗೆ ನೋವು ಮಾಡುತ್ತದೆ ಅಂತ ಮಾರಿಬಿಡುವ ಮೊದಲು ಅದರ ಹಿಡಿ, ಅಂದರೆ ಕೈಯಲ್ಲಿ ಹಿಡಿಯುವ ಭಾಗ, ನೋಡಿ. ಬಹಳ ಸಣ್ಣ ಗನ್‌ಗಳಲ್ಲಿ ಹಿಂಬದಿಯ ಲೋಹದ ಪಟ್ಟಿ ತೆರೆದೇ ಇರುತ್ತದೆ. ಒದೆತ ನೇರ ಹೆಬ್ಬೆರಳಿನ ಬುಡದ ಮೂಳೆಗೆ ಬೀಳುತ್ತದೆ. ಆ ಪಟ್ಟಿಯನ್ನೂ ಮುಚ್ಚುವ ಮೆತ್ತಗಿನ ರಬ್ಬರ್ ಹಿಡಿ ಹಾಕಿದರೆ ಅದೇ ಗನ್ ಬೇರೆಯದೇ ಅನ್ನಿಸುತ್ತದೆ. ಕಿರುಬೆರಳಿಗೂ ಜಾಗ ಇರುವಷ್ಟು ಉದ್ದದ್ದಾದರೆ ಇನ್ನೂ ಒಳ್ಳೆಯದು. ಆದರೆ ಹಿಡಿ ದೊಡ್ಡದಾದರೆ ಜೇಬಿನಿಂದ ತೆಗೆಯುವಾಗ ರಬ್ಬರ್ ಬಟ್ಟೆಗೆ ಅಂಟಿಕೊಳ್ಳುತ್ತದೆ. ಹಗುರ ಗನ್ ಕೊಂಡದ್ದೇ ಜೇಬಿಗೆ ಅಂತಾದರೆ ಇಲ್ಲಿ ಒಂದಿಷ್ಟು ರಾಜಿ ಆಗಲೇಬೇಕು.

ನಾಲ್ಕನೇ ಹೆಜ್ಜೆ: ಎಷ್ಟು ವರ್ಷ, ಎಷ್ಟು ಸಾವಿರ ಗುಂಡು?

ಉಕ್ಕು ಸವೆತ ತಾಳುತ್ತದೆ. ಹಗುರ ಫ್ರೇಮ್ ಅಷ್ಟು ತಾಳುವುದಿಲ್ಲ. ವರ್ಷಕ್ಕೆ ಕೆಲವು ನೂರು ಗುಂಡು ಹಾರಿಸುವವರಿಗೆ ಇದರಿಂದ ಏನೂ ಆಗದು. ವಾರ ವಾರ ಹಾರಿಸುವವರು ಯೋಚಿಸಬೇಕು. ಅಂಥವರಿಗೆ ಒಂದು ಒಳ್ಳೆಯ ದಾರಿ ಇದೆ: ಅಭ್ಯಾಸಕ್ಕೆ ಉಕ್ಕಿನದು, ಒಯ್ಯಲು ಅದೇ ಅಳತೆಯ ಹಗುರದ್ದು. ಟ್ರಿಗರ್, ಹಿಡಿ, ನಿಶಾನೆ ಎಲ್ಲ ಒಂದೇ ತರ ಇರುವುದರಿಂದ ಕೈಗೆ ಗೊಂದಲ ಇಲ್ಲ. ಒಂದೇ ಗನ್ ಕೊಳ್ಳಲು ಸಾಧ್ಯ ಅನ್ನುವವರು ನಡುವಿನದನ್ನು ನೋಡಿ. 480ರಿಂದ 560 ಗ್ರಾಂನ ಸಣ್ಣ ಉಕ್ಕಿನ ಗನ್‌ಗಳು ಎರಡೂ ಕೆಲಸಕ್ಕೆ ಬರುತ್ತವೆ.

ತುಕ್ಕಿನ ವಿಷಯದಲ್ಲಿ ಹಗುರದ್ದಕ್ಕೆ ಒಂದು ಅಂಕ ಕೊಡಬೇಕು. ಮೈಬೆವರು ತಾಗುವ ಕಡೆ ಇಟ್ಟುಕೊಂಡರೆ ಕಪ್ಪು ಬಣ್ಣದ ಸಾದಾ ಉಕ್ಕು ಬೇಗ ತುಕ್ಕು ಹಿಡಿಯುತ್ತದೆ. ಅಲ್ಯೂಮಿನಿಯಂ ಫ್ರೇಮಿಗೆ ಆ ಕಾಟ ಇಲ್ಲ. ಆದರೆ ಅದರ ನಳಿಗೆ, ಸಿಲಿಂಡರ್ ಉಕ್ಕಿನವೇ ಅನ್ನುವುದನ್ನು ಮರೆಯಬೇಡಿ. ಸ್ಟೇನ್‌ಲೆಸ್ ಉಕ್ಕಿನದು ಈ ಎರಡರ ನಡುವೆ ಒಳ್ಳೆಯ ಉತ್ತರ. 1965ರಲ್ಲಿ ಬಂದ ಸ್ಮಿತ್ ಆ್ಯಂಡ್ ವೆಸನ್ ಮಾಡೆಲ್ 60 ಆ ಬಗೆಯ ಮೊದಲ ರಿವಾಲ್ವರ್.

ಶುಚಿ ಮಾಡುವಾಗಲೂ ವ್ಯತ್ಯಾಸ ಇದೆ. ಉಕ್ಕಿನ ಸಿಲಿಂಡರಿನ ಮುಂಭಾಗದ ಕಪ್ಪು ಕಲೆಯನ್ನು ಉಜ್ಜಿ ತೆಗೆಯಬಹುದು. ಟೈಟಾನಿಯಂ ಸಿಲಿಂಡರನ್ನು ಹಾಗೆ ಒರಟಾಗಿ ಉಜ್ಜಬಾರದು, ಮೇಲಿನ ರಕ್ಷಣೆಯ ಪದರ ಹೋದರೆ ಲೋಹ ಸವೆಯಲು ಶುರುವಾಗುತ್ತದೆ. ಕಲೆ ಇದ್ದರೆ ಇರಲಿ ಬಿಡಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ

ಮೊದಲು ಸಿಲಿಂಡರ್ ತೆರೆದು ಖಾಲಿ ಇದೆಯಾ ನೋಡಿ. ಮಾರುವವರು ಖಾಲಿ ಅಂದರೂ ನೀವೇ ನೋಡಿ, ಬೆರಳಿಟ್ಟು ಮುಟ್ಟಿ.

ಹಗುರ ಫ್ರೇಮಿನಲ್ಲಿ ಮುಖ್ಯವಾಗಿ ನೋಡಬೇಕಾದ ಜಾಗ ಒಂದಿದೆ. ಸಿಲಿಂಡರ್ ತೆರೆದಾಗ ನಳಿಗೆಯ ಹಿಂತುದಿ ಕಾಣುತ್ತದೆ. ಅದರ ಕೆಳಗೆ, ನಳಿಗೆ ಫ್ರೇಮಿಗೆ ಸೇರುವಲ್ಲಿ, ಲೋಹ ತೆಳ್ಳಗಿರುತ್ತದೆ. ಹಳೆಯ ಅಲ್ಯೂಮಿನಿಯಂ ಗನ್‌ಗಳು ಬಿರುಕು ಬಿಡುವುದು ಅಲ್ಲೇ. ಒಳ್ಳೆಯ ಟಾರ್ಚು, ಭೂತಗನ್ನಡಿ ಹಿಡಿದು ನೋಡಿ. ಕೂದಲೆಳೆಯಂಥ ಗೆರೆ ಕಂಡರೂ ಅದನ್ನು ಅಲ್ಲೇ ಬಿಟ್ಟು ಬನ್ನಿ. ಬಿರುಕು ಬಿಟ್ಟ ಅಲ್ಯೂಮಿನಿಯಂ ಫ್ರೇಮಿಗೆ ರಿಪೇರಿ ಇಲ್ಲ.

ಉಳಿದ ಪರೀಕ್ಷೆ ಎರಡಕ್ಕೂ ಒಂದೇ. ಸಿಲಿಂಡರ್ ಮುಚ್ಚಿ ಹಿಂದೆ ಮುಂದೆ ಆಡಿಸಿ, ಕಟಕಟ ಅನ್ನಬಾರದು. ಸಿಲಿಂಡರ್ ಮತ್ತು ನಳಿಗೆಯ ಸಂದಿಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಪಟ್ಟಿ) ತೂರಿಸಿ. 0.10ರಿಂದ 0.25 ಮಿಲಿಮೀಟರ್ ಒಳಗಿದ್ದರೆ ಸರಿ. ಮಾಲೀಕರ ಒಪ್ಪಿಗೆ ಪಡೆದು, ಸಿಲಿಂಡರಿಗೆ ಬೆರಳನ್ನು ಹಗುರವಾಗಿ ಒತ್ತಿ ಹಿಡಿದು ಟ್ರಿಗರನ್ನು ನಿಧಾನ ಎಳೆಯಿರಿ. ಹ್ಯಾಮರ್ ಬೀಳುವ ಮೊದಲೇ ಸಿಲಿಂಡರ್ ತನ್ನ ಜಾಗದಲ್ಲಿ ಕಚ್ಚಿಕೊಳ್ಳಬೇಕು. ಐದೂ ರಂಧ್ರಕ್ಕೂ ಹೀಗೇ ಮಾಡಿ. ಒಂದರಲ್ಲಿ ತಪ್ಪಿದರೂ ಗನ್ ರಿಪೇರಿ ಮಾಡುವ ಗನ್‌ಸ್ಮಿತ್ ನೋಡದೆ ಹಾರಿಸಬೇಡಿ.

ಇನ್ನೊಂದು ಸಣ್ಣ ವಿಷಯ. 2 ಇಂಚಿನ ಆಸುಪಾಸಿನ ನಳಿಗೆ ಇರುವ ಗನ್‌ಗಳಲ್ಲಿ ಖಾಲಿ ಕಾಟ್ರಿಜ್ ನೂಕುವ ಕಡ್ಡಿಯೂ ಗಿಡ್ಡ. ಖಾಲಿ ಹಿತ್ತಾಳೆಗಳು ಪೂರ್ತಿ ಹೊರಗೆ ಬರದೆ ಸಿಕ್ಕಿಕೊಳ್ಳುತ್ತವೆ. 3 ಇಂಚಿನದರಲ್ಲಿ ಕಡ್ಡಿ ಉದ್ದ, ಒಂದೇ ಏಟಿಗೆ ಉದುರುತ್ತವೆ. ಗುರಿ ನೋಡುವ ಮುಂದಿನ, ಹಿಂದಿನ ನಿಶಾನೆಗಳ ನಡುವಿನ ದೂರವೂ ಹೆಚ್ಚುವುದರಿಂದ ಗುರಿ ಸುಲಭ. 3 ಇಂಚಿನ ಉಕ್ಕಿನ ಗನ್ ನನಗೆ ಇಷ್ಟವಾಗುವುದಕ್ಕೆ ಇದೂ ಒಂದು ಕಾರಣ.

ಕೊಂಡ ಮೇಲಿನ ಮೊದಲ ತಿಂಗಳು

ಯಾವುದನ್ನೇ ಕೊಂಡರೂ ಮನೆಯಲ್ಲಿ ಖಾಲಿ ಗನ್ನಿನಲ್ಲಿ ಟ್ರಿಗರ್ ಎಳೆಯುವ ಅಭ್ಯಾಸ ಮಾಡಿ. ಕಾಟ್ರಿಜ್ ಆ ಕೋಣೆಯಲ್ಲೇ ಇರಬಾರದು. ಎರಡು ಸಲ ಪರೀಕ್ಷಿಸಿ, ಸ್ನ್ಯಾಪ್ ಕ್ಯಾಪ್ (ಅಭ್ಯಾಸಕ್ಕೆ ಬಳಸುವ, ಸಿಡಿಯದ ಸುಳ್ಳು ಕಾಟ್ರಿಜ್) ತುಂಬಿ, ಗುಂಡು ತಡೆಯಬಲ್ಲ ಗೋಡೆಯ ಕಡೆಗೆ ಮೂತಿ ಇಟ್ಟು, ದಿನಕ್ಕೆ 20 ಸಲ ಸಾಕು. ಹಗುರ ಗನ್ ಕೊಂಡವರಿಗೆ ಇದು ಇನ್ನೂ ಮುಖ್ಯ. ಒದೆತ ಇಲ್ಲದೆ ಆ 5 ಕಿಲೋ ಟ್ರಿಗರನ್ನು ನಿಶಾನೆ ಅಲುಗದ ಹಾಗೆ ಎಳೆಯಲು ಕಲಿಯುವುದು ಇಲ್ಲಿ ಮಾತ್ರ. ಮುಗಿದ ಕೂಡಲೇ ಗನ್ನನ್ನು ಬೀಗದೊಳಗೆ ಇಡಿ. ಮಕ್ಕಳಿರುವ ಮನೆಯಲ್ಲಿ ಬೀಗದಕೈ ಎಲ್ಲಿದೆ ಅನ್ನುವುದು ನಿಮಗೆ ಮಾತ್ರ ಗೊತ್ತಿರಲಿ.

ರೇಂಜಿನಲ್ಲಿ ಹಗುರ ಗನ್ನಿನವರು ಒಂದು ದಿನಕ್ಕೆ 25 ಗುಂಡಿಗೆ ನಿಲ್ಲಿಸಿ. ನೋವು ಶುರುವಾದ ಮೇಲೆ ಹಾರಿಸಿದ ಒಂದೊಂದು ಗುಂಡೂ ಕೈಗೆ ಕೆಟ್ಟ ಚಾಳಿ ಕಲಿಸುತ್ತದೆ. ಉಕ್ಕಿನವರು 50 ಮುಗಿಸಬಹುದು. ಮೊದಲ 200 ಗುಂಡು ಆದ ಮೇಲೆ ಪಕ್ಕದ ಪ್ಲೇಟಿನ ಸ್ಕ್ರೂ, ಹಿಡಿಯ ಸ್ಕ್ರೂ, ಸಿಲಿಂಡರಿನ ಕಡ್ಡಿ ಸಡಿಲವಾಗಿವೆಯಾ ನೋಡಿ. ಒದೆತ ಜಾಸ್ತಿ ಇರುವ ಗನ್‌ಗಳಲ್ಲಿ ಇವು ತಾವಾಗಿಯೇ ಕಳಚಿಕೊಳ್ಳುತ್ತವೆ. ಬಿಗಿ ಮಾಡುವಾಗ ಸ್ಕ್ರೂವಿನ ಸೀಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಬಳಸಿ. ಅಲ್ಯೂಮಿನಿಯಂ ಫ್ರೇಮಾದರೆ ಬಲ ಹಾಕಿ ತಿರುಗಿಸಬೇಡಿ, ಒಳಗಿನ ತಿರುಚು ಕಿತ್ತುಹೋಗುತ್ತದೆ. ಹತ್ತಿಕೊಂಡಿತು ಅನ್ನಿಸಿದ ಮೇಲೆ ಚೂರೇ ಚೂರು ತಿರುಗಿಸಿ ಬಿಟ್ಟುಬಿಡಿ.